ಆಕೆಗೆ ಸಲ್ಲಬೇಕಾದದ್ದು: ರಾಜ್ಯ ಮಹಿಳಾ ಆಯೋಗಕ್ಕೆ ಮತ್ತು ಬಾಡಿಗೆ ತಾಯ್ತನ ಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು, ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು
ಅಧ್ಯಕ್ಷರು ಮತ್ತು ಸದಸ್ಯರು, ರಾಜ್ಯ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಮತ್ತು ಬಾಡಿಗೆ ತಾಯ್ತನ ಮಂಡಳಿ, ಬೆಂಗಳೂರು

ಮಾನ್ಯರೇ,

ನಿಮ್ಮಿಬ್ಬರಿಗೂ ಒಂದೇ ಪತ್ರವನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ವೇಶ್ಯಾವಾಟಿಕೆಯ ವಿಷಯ ನಮ್ಮ ಆಡಳಿತದಲ್ಲಿ ಪೊಲೀಸರ ಮತ್ತು ಮಹಿಳಾ ಕಲ್ಯಾಣದ ಕಡತ. ಬಾಡಿಗೆ ತಾಯ್ತನದ ವಿಷಯ ಆರೋಗ್ಯ ಇಲಾಖೆಯ ಕಡತ. ಸ್ತ್ರೀವಾದಿ ಚಿಂತನೆಯಲ್ಲಾದರೋ ಈ ಎರಡನ್ನೂ ನಾಲ್ಕು ದಶಕಗಳಿಂದ ಒಟ್ಟಿಗೆ ಇಟ್ಟು ವಾದಿಸಲಾಗುತ್ತಿದೆ. ಹೆಣ್ಣಿನ ದೇಹ ಹಣಕ್ಕೆ ಒದಗುವ ವಸ್ತುವಾಗಬಾರದು ಎನ್ನುವವರೂ, ಬಡ ಹೆಣ್ಣಿನ ದುಡಿಮೆಯನ್ನು ದುಡಿಮೆಯೆಂದೇ ಕಾಣಬೇಕು ಎನ್ನುವವರೂ ತಮ್ಮ ವಾದಕ್ಕೆ ಈ ಎರಡನ್ನೂ ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ. 2024ರಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಲೇಮ್ ಅವರು ವೇಶ್ಯಾವಾಟಿಕೆಯನ್ನು ದೌರ್ಜನ್ಯದ ಒಂದು ವ್ಯವಸ್ಥೆಯೆಂದು ಹೇಳಿ, ಖರೀದಿಸುವವರನ್ನು ಶಿಕ್ಷಿಸುವ ಕಾನೂನನ್ನು ಶಿಫಾರಸು ಮಾಡಿದರು. ಮರುವರ್ಷ ಅವರೇ ಬಾಡಿಗೆ ತಾಯ್ತನವನ್ನು ಎಲ್ಲ ರೂಪಗಳಲ್ಲಿಯೂ ಕೊನೆಗಾಣಿಸಬೇಕೆಂದು ಕರೆಕೊಟ್ಟರು. ಈ ಗಾಳಿ ನಮ್ಮಲ್ಲಿಗೂ ಬೀಸುವ ಮುನ್ನ, ನಮ್ಮಲ್ಲಿ ಈಗಾಗಲೇ ಇರುವ ಎರಡು ಕಾಯ್ದೆಗಳು ಮಾಡಿರುವುದೇನು ಎಂಬುದನ್ನು ನಿಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ನನ್ನ ಮಾತು ಇಷ್ಟು. 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆಯೂ 2021ರ ಬಾಡಿಗೆ ತಾಯ್ತನ (ನಿಯಂತ್ರಣ) ಕಾಯ್ದೆಯೂ ಹೆಣ್ಣನ್ನು ಶೋಷಣೆಯಿಂದ ಕಾಪಾಡುತ್ತೇವೆಂದು ಹೇಳುತ್ತವೆ. ಆದರೆ ಕಾಪಾಡುವ ಹೆಸರಿನಲ್ಲಿ ಅವು ಕಿತ್ತುಕೊಂಡಿರುವುದು, ಎದುರಿಗಿರುವವನ ಜತೆ ತನಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯುವ ಆಕೆಯ ಶಕ್ತಿಯನ್ನೇ. ಸ್ತ್ರೀವಾದದ ಒಂದು ಧಾರೆ ಬಹಳ ಯೋಚಿಸಿ ತಲುಪಿದ ತೀರ್ಮಾನವನ್ನು ಪ್ರಭುತ್ವ ಎರವಲು ಪಡೆಯಿತು, ಆ ತೀರ್ಮಾನದ ಹಿಂದಿದ್ದ ಕಾರಣವನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದಿತು.

ಆ ಕಾರಣವನ್ನು ಮೊದಲು ನ್ಯಾಯವಾಗಿ ಹೇಳಬೇಕು, ಏಕೆಂದರೆ ನಾನು ಅದನ್ನು ಗೌರವಿಸುತ್ತೇನೆ. 1983ರಲ್ಲಿ ಅಮೆರಿಕದ ಸ್ತ್ರೀವಾದಿ ಲೇಖಕಿ ಆಂಡ್ರಿಯಾ ಡ್ವಾರ್ಕಿನ್, ವಿಜ್ಞಾನಿಗಳ ನೆರವಿನಿಂದ ತಾಯ್ತನವೂ ವೇಶ್ಯಾವಾಟಿಕೆಯ ಹೊಸ ಶಾಖೆಯಾಗಲಿದೆಯೆಂದು ಎಚ್ಚರಿಸಿದ್ದರು. ಐದು ವರ್ಷಗಳ ಬಳಿಕ ರಾಜಕೀಯ ಚಿಂತಕಿ ಕ್ಯಾರೊಲ್ ಪೇಟ್‌ಮನ್ ಇದೇ ಆತಂಕಕ್ಕೆ ರಾಜಕೀಯ ಸಿದ್ಧಾಂತದ ಬುನಾದಿ ಹಾಕಿದರು. ಅವರ ವಾದದಂತೆ, ಒಬ್ಬ ವ್ಯಕ್ತಿ ತನ್ನ ಶ್ರಮಶಕ್ತಿಯನ್ನೋ ದೇಹವನ್ನೋ ತನ್ನಿಂದ ಬೇರ್ಪಡಿಸಿ ಇನ್ನೊಬ್ಬನಿಗೆ ಕೊಡಬಲ್ಲ ಎಂಬುದೇ ಒಂದು ಕಟ್ಟುಕತೆ. ದೇಹವನ್ನು ಕೊಟ್ಟವಳು ತನ್ನನ್ನೇ ಕೊಟ್ಟಿರುತ್ತಾಳೆ, ಆದ್ದರಿಂದ ಅಂಥ ಒಪ್ಪಂದವು ಸಮಾನರ ನಡುವಿನ ವಿನಿಮಯದ ವೇಷ ತೊಟ್ಟು ಅಧೀನತೆಯನ್ನು ಹುಟ್ಟಿಸುತ್ತದೆ. ಅದೇ 1988ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, 'ಬೇಬಿ ಎಂ' ಪ್ರಕರಣದಲ್ಲಿ ಹಣ ಪಡೆದು ಮಗು ಹೆತ್ತುಕೊಡುವ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲವೆಂದು ತೀರ್ಪು ನೀಡಿತು. ಇದಕ್ಕೆ ಪ್ರತಿಯಾಗಿ ತತ್ವಶಾಸ್ತ್ರಜ್ಞೆ ಮಾರ್ತಾ ನಸ್ಬಾಮ್ ಅವರಂಥವರು, ಕಾರ್ಖಾನೆಯ ಕೆಲಸಗಾರ್ತಿಯಿಂದ ಹಾಡುಗಾರ್ತಿಯವರೆಗೆ ಎಲ್ಲರೂ ದೇಹದ ದುಡಿಮೆಗೆ ಹಣ ಪಡೆಯುತ್ತಿರುವಾಗ ಕೆಲವು ದುಡಿಮೆಗಳಿಗೆ ಮಾತ್ರ ಅಂಟಿದ ಕಳಂಕವನ್ನು ಪ್ರಶ್ನಿಸಿದರು. ಆ ಕಳಂಕದ ಮೂಲ ನೀತಿಯಲ್ಲಿದೆಯೋ, ಹೆಣ್ಣಿನ ಲೈಂಗಿಕತೆಯ ಬಗೆಗಿನ ಹಳೆಯ ಪೂರ್ವಗ್ರಹದಲ್ಲಿದೆಯೋ ಎಂಬುದು ಅವರ ಪ್ರಶ್ನೆ. ನಮ್ಮ ದೇಶದ ಕಾನೂನು ವಿದ್ವಾಂಸೆ ಪ್ರಭಾ ಕೋಟೀಶ್ವರನ್ ಇನ್ನೂ ಮುಂದೆ ಹೋಗಿ, ಲೈಂಗಿಕ ವೃತ್ತಿ, ಬಾರ್ ನೃತ್ಯ, ಬಾಡಿಗೆ ತಾಯ್ತನ, ಮನೆಗೆಲಸ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿದರು. ಸಮಾಜ ತನ್ನನ್ನು ತಾನು ಮುಂದುವರಿಸಿಕೊಳ್ಳಲು ಹೆಂಗಸರಿಂದ ಪಡೆಯುತ್ತಲೇ ಬಂದಿರುವ, ಆದರೆ ದುಡಿಮೆಯೆಂದು ಎಂದೂ ಲೆಕ್ಕಕ್ಕೆ ಹಿಡಿಯದ ಶ್ರಮ ಅದು.

ಪೇಟ್‌ಮನ್ ಅವರ ಆಕ್ಷೇಪವಿದ್ದದ್ದು ಅಧೀನತೆಗೆ. ಹಾಗಿರುವಾಗ, ಅದನ್ನು ಒಪ್ಪುವ ಪ್ರಭುತ್ವ ಮಾಡಬೇಕಾದ ಮೊದಲ ಕೆಲಸ ಆಕೆಯ ಅಧೀನತೆಯನ್ನು ಕಡಿಮೆ ಮಾಡುವುದು. ನಮ್ಮ ಕಾಯ್ದೆಗಳನ್ನು ಈ ಒಂದು ಅಳತೆಯಿಂದ ಓದಿ ನೋಡಬೇಕೆಂದು ಕೋರುತ್ತೇನೆ.

1956ರ ಕಾಯ್ದೆಯು, ಜನ ಸಾಮಾನ್ಯವಾಗಿ ಭಾವಿಸಿರುವಂತೆ, ಹಣ ಪಡೆದು ಲೈಂಗಿಕ ಸಂಬಂಧ ಹೊಂದುವುದನ್ನೇ ಅಪರಾಧವೆಂದು ಹೇಳುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ತಮ್ಮ ಇಚ್ಛೆಗೆ ವಿರುದ್ಧವಾಗಿ ಗೃಹವೊಂದರಲ್ಲಿ ಇರಿಸಲಾಗಿದ್ದ ಮೂವರು ಮಹಿಳೆಯರನ್ನು ಬಿಡುಗಡೆ ಮಾಡುವಾಗ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಆದರೆ ಆ ಕಾಯ್ದೆ ಆಕೆಯ ಸುತ್ತಲಿನ ಬದುಕನ್ನೆಲ್ಲ ಅಪರಾಧವಾಗಿಸುತ್ತದೆ. ಇಬ್ಬರು ಮಹಿಳೆಯರು ಪರಸ್ಪರ ರಕ್ಷಣೆಗೆಂದು ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿದು ದುಡಿದರೆ, ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಅದು ವೇಶ್ಯಾಗೃಹ. ಆಕೆಯ ಗಳಿಕೆಯಲ್ಲಿ ಬದುಕುತ್ತಿರುವ ಹದಿನೆಂಟು ದಾಟಿದ ಯಾರೇ ಆಗಲಿ, ಕಾಲೇಜಿಗೆ ಹೋಗುವ ಮಗನಾಗಲಿ ಕಣ್ಣು ಕಾಣದ ತಾಯಿಯಾಗಲಿ, 4ನೇ ಸೆಕ್ಷನ್‌ನಡಿ ಎರಡು ವರ್ಷದವರೆಗಿನ ಜೈಲಿಗೆ ಅರ್ಹರು. ಗಿರಾಕಿಯನ್ನು ಕರೆಯುವ ಅಪರಾಧಕ್ಕೆ 8ನೇ ಸೆಕ್ಷನ್ ಮಹಿಳೆಗೆ ಆರು ತಿಂಗಳವರೆಗಿನ ಜೈಲು ವಿಧಿಸುತ್ತದೆ. ಅದೇ ಅಪರಾಧವನ್ನು ಗಂಡಸು ಮಾಡಿದರೆ ಶಿಕ್ಷೆ ಮೂರು ತಿಂಗಳು ಮೀರುವಂತಿಲ್ಲ. ಇಷ್ಟು ಸಾಲದೆಂಬಂತೆ, ಆ ಆರು ತಿಂಗಳ ಬದಲು ಆಕೆಯನ್ನು ಎರಡರಿಂದ ಐದು ವರ್ಷದವರೆಗೆ ಸುಧಾರಣಾ ಗೃಹದಲ್ಲಿ ಇರಿಸುವ ಅಧಿಕಾರವನ್ನು 10ಎ ಸೆಕ್ಷನ್ ನ್ಯಾಯಾಲಯಕ್ಕೆ ಕೊಟ್ಟಿದೆ, ಮತ್ತು ಈ 'ಸುಧಾರಣೆ' ಹೆಣ್ಣಿಗೆ ಮಾತ್ರ. ದಾಳಿಯಲ್ಲಿ ರಕ್ಷಿಸಲ್ಪಟ್ಟವಳೆಂದು ಹೆಸರಿಸಲಾದವಳನ್ನೂ 17ನೇ ಸೆಕ್ಷನ್‌ನಡಿ ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇಡಬಹುದು. ತಪ್ಪು ಮಾಡಿದವಳೆಂದರೂ ಸರಿ, ತಪ್ಪಿಗೆ ಬಲಿಯಾದವಳೆಂದರೂ ಸರಿ, ಕೊನೆಗೆ ಆಕೆ ಸೇರುವುದು ಹೊರಗಿನಿಂದ ಬೀಗ ಹಾಕಿದ ಮನೆಯನ್ನು.

ಈ ಬಗೆಯ ಕಾನೂನು ಪೇಟ್‌ಮನ್ ಹೇಳಿದ ಅಧೀನತೆಯನ್ನು ಹೆಚ್ಚಿಸುತ್ತದೆ. ಜತೆಗಾರ್ತಿಯೊಂದಿಗೆ ಕೋಣೆ ಹಂಚಿಕೊಳ್ಳುವಂತಿಲ್ಲವಾದರೆ ಆಕೆ ವೇಶ್ಯಾಗೃಹ ನಡೆಸುವ ಘರ್‌ವಾಲಿಯ ಆಶ್ರಯಕ್ಕೋ ಲಾಡ್ಜಿನವನ ಕೃಪೆಗೋ ಹೋಗಬೇಕು. ಕಾಂಡೋಮ್ ಪೊಲೀಸರ ಕೈಯಲ್ಲಿ ಸಾಕ್ಷ್ಯವಾಗುವುದಾದರೆ ಆಕೆ ಅದನ್ನು ಚೀಲದಲ್ಲಿ ಇಟ್ಟುಕೊಳ್ಳಲು ಹೆದರಬೇಕು. ಹಲ್ಲೆಯಾದರೆ ದೂರು ಕೊಡಲು ಹೋಗಬೇಕಾದ ಠಾಣೆಯೇ ನಾಳೆ ಆಕೆಯ ಮೇಲೆ ಕೇಸು ಹಾಕುವ ಠಾಣೆಯಾದರೆ, ಆಕೆ ದೂರು ಕೊಡುವುದಿಲ್ಲ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದದ್ದು ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ವೃತ್ತಿನಿರತ ಮಹಿಳೆಯನ್ನು ಹೊಡೆದು ಕೊಂದವನ ಮೇಲ್ಮನವಿಯಾಗಿ ಎಂಬುದನ್ನು ನಾವು ಮರೆಯಬಾರದು.

ಆ ಪ್ರಕರಣದಲ್ಲಿ 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ನೇತೃತ್ವದ ಪೀಠ ಹೊರಡಿಸಿದ ಆದೇಶದ ಬಗ್ಗೆ ನಮ್ಮಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಸುಪ್ರೀಂ ಕೋರ್ಟು ವೇಶ್ಯಾವಾಟಿಕೆಯನ್ನು ಕಾನೂನುಬದ್ಧಗೊಳಿಸಿತು ಎಂದು ಸುದ್ದಿಯಾಯಿತು. ಒಬ್ಬರು ಸಂಭ್ರಮಿಸಿದರು, ಇನ್ನೊಬ್ಬರು ಕಿಡಿಕಾರಿದರು. ನಡೆದದ್ದು ಬೇರೆ. ಆ ಪ್ರಕರಣದ ನೆಪದಲ್ಲಿ ಲೈಂಗಿಕ ವೃತ್ತಿನಿರತರ ಸ್ಥಿತಿಗತಿಯನ್ನು ನೋಡಲು ನ್ಯಾಯಾಲಯವೇ ನೇಮಿಸಿದ್ದ ಸಮಿತಿ ಹತ್ತು ಶಿಫಾರಸುಗಳನ್ನು ಮಾಡಿತ್ತು. ಅವುಗಳಲ್ಲಿ ಆರನ್ನು ಜಾರಿಗೊಳಿಸಲು ಪೀಠ ರಾಜ್ಯಗಳಿಗೂ ಕೇಂದ್ರಾಡಳಿತ ಪ್ರದೇಶಗಳಿಗೂ ಆದೇಶಿಸಿತು. ಉಳಿದ ನಾಲ್ಕಕ್ಕೆ ಕೇಂದ್ರ ಸರ್ಕಾರ ತನ್ನ ಆಕ್ಷೇಪ ತಿಳಿಸಿದ್ದರಿಂದ ಅವು ಆ ಆದೇಶದಲ್ಲಿ ಸೇರಲಿಲ್ಲ. ಬಿಟ್ಟುಹೋದವು ಯಾವುವು ಎಂಬುದನ್ನು ಗಮನಿಸಬೇಕು: ವಯಸ್ಕಳಾಗಿ ಸ್ವಂತ ಒಪ್ಪಿಗೆಯಿಂದ ವೃತ್ತಿಯಲ್ಲಿರುವವಳ ವಿಷಯದಲ್ಲಿ ಪೊಲೀಸರು ಹಸ್ತಕ್ಷೇಪ ಮಾಡಬಾರದು ಎಂಬುದು, ದಾಳಿಯ ವೇಳೆ ಆಕೆಯನ್ನು ಬಂಧಿಸಬಾರದು ಎಂಬುದು, ಕಾನೂನು ಮತ್ತು ಯೋಜನೆ ರೂಪಿಸುವಾಗ ಆಕೆಯ ಪ್ರತಿನಿಧಿಗಳು ಇರಬೇಕು ಎಂಬುದು, ತಾಯಿ ಈ ವೃತ್ತಿಯಲ್ಲಿದ್ದಾಳೆಂಬ ಕಾರಣಕ್ಕೆ ಮಗುವನ್ನು ಬೇರ್ಪಡಿಸಬಾರದು ಎಂಬುದು. ಆಕೆಯನ್ನು ಮಾತನಾಡುವ, ನಿರ್ಧರಿಸುವ ವ್ಯಕ್ತಿಯಾಗಿ ಕಾಣುವ ನಾಲ್ಕೂ ಹೊರಗುಳಿದವು. ಹಾಗೆಂದು ಆದೇಶಿತವಾದ ಆರು ಸಣ್ಣವೆಂದಲ್ಲ. ಅತ್ಯಾಚಾರಕ್ಕೊಳಗಾದವಳಿಗೆ ಕೂಡಲೇ ವೈದ್ಯಕೀಯ ನೆರವು, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿಸದಿರುವುದು, ದಾಳಿಯ ಚಿತ್ರಗಳಲ್ಲಿ ಮುಖ ತೋರಿಸದಿರುವುದು ಆ ಪಟ್ಟಿಯಲ್ಲಿವೆ. ರಕ್ಷಣಾ ಗೃಹಗಳ ಸಮೀಕ್ಷೆ ನಡೆಸಿ, ಇಚ್ಛೆಗೆ ವಿರುದ್ಧವಾಗಿ ಇರಿಸಲಾದ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ ಕಾಲಮಿತಿಯಲ್ಲಿ ಬಿಡುಗಡೆ ಮಾಡಬೇಕೆಂಬುದೂ ಇದೆ. ಮಾನ್ಯ ಆಯೋಗವೇ, ನಮ್ಮ ರಾಜ್ಯದ ಗೃಹಗಳಲ್ಲಿ ಈ ಸಮೀಕ್ಷೆ ಯಾವಾಗ ನಡೆಯಿತು, ಎಷ್ಟು ಮಹಿಳೆಯರ ಪ್ರಕರಣ ಪರಿಶೀಲನೆಗೆ ಬಂತು, ಎಷ್ಟು ಮಂದಿ ಹೊರಬಂದರು ಎಂಬುದನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೇಳುತ್ತೇನೆ.

ಇಲ್ಲಿ ನನಗೆ ಬಹಳ ಭಾರವೆನಿಸುವ ಒಂದು ಆಕ್ಷೇಪವಿದೆ. ಅದನ್ನು ಎತ್ತಿದವರು ದಲಿತ ಸ್ತ್ರೀವಾದಿಗಳು, ಮತ್ತು ಕರ್ನಾಟಕದಲ್ಲಿ ಕುಳಿತು ಈ ವಿಷಯ ಬರೆಯುವ ಯಾರೂ ಅದನ್ನು ದಾಟಿ ಹೋಗಲಾಗದು. ಯಾವ ಜಾತಿಯ ಹೆಣ್ಣುಮಕ್ಕಳು ಈ ವೃತ್ತಿಗೆ ಬಂದರು, ಯಾರು ಅವರನ್ನು ಇದಕ್ಕೆಂದೇ ಮೀಸಲಿಟ್ಟರು ಎಂದು ಕೇಳದೆ 'ಆಯ್ಕೆ'ಯ ಮಾತನ್ನು ಆಡುವುದು ಅನ್ಯಾಯವೆನ್ನುತ್ತಾರೆ ಅವರು. ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. 1982ರಲ್ಲಿ ರಾಜ್ಯ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಮೇಲೆಯೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರ ಸಂಖ್ಯೆ 46,660. ಅವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯವರು. 1936ರ ಜೂನ್ 16ರಂದು ಮುಂಬೈಯ ಪರೇಲ್‌ನಲ್ಲಿ ಡಾ. ಅಂಬೇಡ್ಕರ್ ಅವರು ದೇವದಾಸಿಯರು, ಜೋಗತಿಯರು ಮತ್ತು ವೇಶ್ಯಾವಾಟಿಕೆಯ ಬೀದಿಯಾದ ಕಾಮಾಟಿಪುರದ ಮಹಿಳೆಯರನ್ನು ಉದ್ದೇಶಿಸಿ ಮಾತನಾಡಿ, ಈ ಬದುಕನ್ನು ಬಿಟ್ಟು ಹೊರಬರಬೇಕೆಂದು ಯಾವ ಮುಲಾಜೂ ಇಲ್ಲದೆ ಕೇಳಿಕೊಂಡರು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡಾನ್ಸ್ ಬಾರ್‌ಗಳನ್ನು ಮುಚ್ಚಿಸಿದಾಗ ಕೆಲವು ದಲಿತ ಸ್ತ್ರೀವಾದಿಗಳು ನಿಷೇಧದ ಪರ ನಿಂತದ್ದೂ ಇದೇ ನೆಲೆಯಿಂದ. ಮುಂದೆ 2013ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ಸಂವಿಧಾನಬಾಹಿರವೆಂದಿತು, ಆದರೆ ತೀರ್ಪಿನಿಂದ ಆ ನೋವಿನ ಪ್ರಶ್ನೆ ಮುಗಿಯಲಿಲ್ಲ.

ನಾನು ಈ ಆಕ್ಷೇಪವನ್ನು ಪೂರ್ಣವಾಗಿ ಒಪ್ಪುತ್ತೇನೆ. ಜಾತಿ ತಳ್ಳಿದ ಕಡೆಗೆ ಹೋಗಿ ನಿಂತದ್ದನ್ನು ಆಯ್ಕೆಯೆಂದು ಕೊಂಡಾಡುವುದು ಕ್ರೌರ್ಯ. ಆದರೆ ಆ ಒಪ್ಪಿಗೆಯಿಂದ 8ನೇ ಸೆಕ್ಷನ್ ಹುಟ್ಟುವುದಿಲ್ಲ. ದಲಿತ ಹೆಣ್ಣನ್ನು ಜಾತಿಯೇ ಇಲ್ಲಿಗೆ ತಂದಿತೆಂದಾದರೆ, ಆಕೆಯನ್ನು ಆರು ತಿಂಗಳು ಜೈಲಿಗೆ ಹಾಕುವುದು ಜಾತಿಗೆ ಕೊಟ್ಟ ಶಿಕ್ಷೆಯಾಗುವುದು ಹೇಗೆ? ಆಕೆಗೆ ಸಲ್ಲಬೇಕಾದದ್ದು ಭೂಮಿ, ಮನೆ, ಬದುಕಲು ಸಾಲುವ ಮಾಸಾಶನ, ಮಕ್ಕಳಿಗೆ ತಂದೆಯ ಹೆಸರು ಕೇಳದ ಶಾಲೆ. ಬಿಟ್ಟು ಬಾ ಎಂದು ಕರೆಯುವ ಹಕ್ಕು, ಬಂದವಳಿಗೆ ನಿಲ್ಲಲು ನೆಲ ಕೊಡುವವರಿಗೆ ಮಾತ್ರ ಇದೆ.

ನಮ್ಮ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ಮದ್ರಾಸಿನ ಶಾಸನ ಪರಿಷತ್ತಿನಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಗೊತ್ತುವಳಿ ತಂದಾಗ, ನಂಜನಗೂಡಿನಲ್ಲಿ ಹುಟ್ಟಿ ಮೈಸೂರು-ಬೆಂಗಳೂರುಗಳಲ್ಲಿ ಬೆಳೆದ ಬೆಂಗಳೂರು ನಾಗರತ್ನಮ್ಮ ಮತ್ತು ಅವರ ಸಂಗಾತಿಗಳು ಸಂಘಟಿತರಾಗಿ ವಿರೋಧಿಸಿದರು. ತಮ್ಮನ್ನು ಕೇಳದೆ, ತಮ್ಮ ಕಲೆ, ಆಸ್ತಿ, ಇನಾಮುಗಳ ಗತಿ ಏನೆಂದು ಯೋಚಿಸದೆ ತಮ್ಮನ್ನೆಲ್ಲ ಒಂದೇ ಹೆಸರಿನಲ್ಲಿ ಕೂಡಿಹಾಕಲಾಗುತ್ತಿದೆ ಎಂಬುದು ಅವರ ಅಳಲು. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೂ ದೇವದಾಸಿ ಮನೆತನದವರೇ. ಅವರ ಸಂಕಲ್ಪದ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುವುದಿಲ್ಲ. ನಾಗರತ್ನಮ್ಮನವರ ಆಕ್ಷೇಪವೂ ಅಷ್ಟೇ ಪ್ರಾಮಾಣಿಕವಾಗಿತ್ತು. ಇಂದು, ಸುಮಾರು ನೂರು ವರ್ಷಗಳ ಬಳಿಕ, ಮಹಾರಾಷ್ಟ್ರದ ಸಾಂಗ್ಲಿ-ಮೀರಜ್‌ನ ಬೀದಿಗಳಲ್ಲಿ, ಗಡಿಯಾಚೆಗೆ ಹೋಗಿ ನೆಲೆಸಿದ ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕನ್ನಡ ಮಾತನಾಡುವ ಹೆಣ್ಣುಮಕ್ಕಳೂ ಸೇರಿ 1996ರಲ್ಲಿ ಕಟ್ಟಿದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಕೇಳುತ್ತಿರುವುದು ಅದೇ ಮಾತನ್ನು: ನಮ್ಮನ್ನು ಕಾಪಾಡುವ ಮುನ್ನ ನಮ್ಮನ್ನು ಕೇಳಿ. ಕೋಲ್ಕತ್ತದ ಸೋನಾಗಾಚಿಯಲ್ಲಿ ಲೈಂಗಿಕ ವೃತ್ತಿನಿರತರದೇ ಆದ ದುರ್ಬಾರ್ ಸಮಿತಿಯ ಮಹಿಳೆಯರು ಬಡ್ಡಿ ಲೇವಾದೇವಿಯವರಿಂದ ಬಿಡಿಸಿಕೊಳ್ಳಲು 1995ರಲ್ಲಿಯೇ ತಮ್ಮದೇ ಉಷಾ ಸಹಕಾರಿ ಸಂಘವನ್ನು ಕಟ್ಟಿಕೊಂಡರು. ಅಪ್ರಾಪ್ತ ವಯಸ್ಸಿನವರನ್ನೂ ಬಲವಂತದಿಂದ ತರಲಾದವರನ್ನೂ ಗುರುತಿಸಿ ಹೊರತರಲು ತಾವೇ ಮಂಡಳಿಗಳನ್ನು ರಚಿಸಿಕೊಂಡರು. ಮೈಸೂರಿನ ಆಶೋದಯ ಸಮಿತಿ ಎಚ್‌ಐವಿ ತಡೆಯ ಕೆಲಸವನ್ನು ಈ ವೃತ್ತಿಯ ಮಹಿಳೆಯರ ಕೈಗೇ ಕೊಟ್ಟು ತೋರಿಸಿದೆ. ಮಕ್ಕಳ ಸಾಗಾಣಿಕೆಯನ್ನು ತಡೆಯಲು ಆ ಬೀದಿಯನ್ನು ಬಲ್ಲವರಿಗಿಂತ ಹತ್ತಿರದ ಕಣ್ಣು ಇನ್ನೊಂದಿಲ್ಲ, ಮತ್ತು ಅವರು ಪೊಲೀಸರಿಗೆ ಹೆದರಿ ಬಾಯಿ ಮುಚ್ಚಿಕೊಂಡಷ್ಟು ದಿನವೂ ಲಾಭವಾಗುವುದು ಸಾಗಿಸುವವನಿಗೆ.

ಈಗ ಬಾಡಿಗೆ ತಾಯ್ತನಕ್ಕೆ ಬರುತ್ತೇನೆ. ಇಲ್ಲಿ ನಮ್ಮ ದೇಶ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯಿತು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊರಡಿಸಿದ ಮಾರ್ಗಸೂಚಿಗಳನ್ನು ಬಿಟ್ಟರೆ ಯಾವ ಕಾನೂನೂ ಇಲ್ಲದ ಕಾಲದಲ್ಲಿ ಗುಜರಾತಿನ ಆಣಂದ್ ಜಗತ್ತಿನ ಬಾಡಿಗೆ ತಾಯ್ತನದ ಕೇಂದ್ರವಾಯಿತು. 2008ರಲ್ಲಿ ಜಪಾನಿನ ದಂಪತಿಗಾಗಿ ಹುಟ್ಟಿದ ಹೆಣ್ಣುಮಗು, ಅದು ಹುಟ್ಟುವ ಮೊದಲೇ ಅವರು ವಿಚ್ಛೇದನ ಪಡೆದದ್ದರಿಂದ, ಯಾವ ದೇಶದ ಪ್ರಜೆ ಎಂಬುದೇ ತೀರ್ಮಾನವಾಗದೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2012ರಲ್ಲಿ ಅಹಮದಾಬಾದಿನಲ್ಲಿ ಎಂಟು ತಿಂಗಳ ಗರ್ಭಿಣಿಯಾಗಿದ್ದ ಒಬ್ಬ ಬಾಡಿಗೆ ತಾಯಿ ಆಸ್ಪತ್ರೆಯಲ್ಲಿ ಕುಸಿದು ಬಿದ್ದು ಸತ್ತಳು, ಮಗು ಉಳಿಯಿತು. ಬೆಂಗಳೂರೂ ಈ ಉದ್ಯಮದ ಹೊರಗಿರಲಿಲ್ಲ. ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪ ಅವರು ಇಲ್ಲಿನ ಬಾಡಿಗೆ ತಾಯಂದಿರ ನಡುವೆ ನಡೆಸಿದ ಅಧ್ಯಯನದಲ್ಲಿ ಎದ್ದುಕಂಡವರು ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು. ದಿನದ ಟಾರ್ಗೆಟ್ಟು, ಸೂಪರ್‌ವೈಸರನ ಬೈಗುಳ, ಮೈಮುಟ್ಟುವ ಕಿರುಕುಳ, ಕೈಗೆ ಬರುವ ಅಲ್ಪ ಸಂಬಳ ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಮಗು ಹೊತ್ತು ಹೆತ್ತುಕೊಡುವ ಕೆಲಸ ತಮಗೆ ಹೆಚ್ಚು ಅರ್ಥವುಳ್ಳದ್ದಾಗಿ ಕಂಡಿತೆಂದು ಅವರಲ್ಲಿ ಹಲವರು ಹೇಳಿದ್ದರು. ಈ ಮಾತನ್ನು ನಾನು ಬಾಡಿಗೆ ತಾಯ್ತನದ ಪ್ರಶಂಸೆಯಾಗಿ ಓದುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ನಾವು ಏನನ್ನು ಸಹಜವೆಂದು ಒಪ್ಪಿಕೊಂಡಿದ್ದೇವೆ ಎಂಬುದರ ಮೇಲಿನ ದೋಷಾರೋಪವಾಗಿ ಓದುತ್ತೇನೆ. ಗರ್ಭದ ಮಾರಾಟವೆಂದು ಬೆಚ್ಚುವ ಸಮಾಜ, ಅದೇ ಹೆಣ್ಣು ಹೊಲಿಗೆ ಯಂತ್ರದ ಮುಂದೆ ಮೂತ್ರಕ್ಕೆ ಎದ್ದುಹೋಗಲೂ ಹೆದರಿ ಕೂತಾಗ ಬೆಚ್ಚುವುದಿಲ್ಲ.

2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು. 2021ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ 2022ರ ಜನವರಿ 25ರಿಂದ ಜಾರಿಗೆ ಬಂತು. ಅದರಲ್ಲಿ ನಾನು ಸ್ವಾಗತಿಸುವ ಅಂಶಗಳಿವೆ: ಒಬ್ಬಳು ಜೀವನದಲ್ಲಿ ಒಮ್ಮೆ ಮಾತ್ರ ಬಾಡಿಗೆ ತಾಯಿಯಾಗಬಹುದು, ಆಕೆಗೆ 36 ತಿಂಗಳ ವಿಮೆ ಇರಬೇಕು, ಅಪಾಯಗಳನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಗರ್ಭಪಾತಕ್ಕೆ ಯಾರೂ ಬಲವಂತಪಡಿಸುವಂತಿಲ್ಲ. ಆದರೆ ಕಾಯ್ದೆಯ ತಿರುಳು ಪರೋಪಕಾರ. ವೈದ್ಯಕೀಯ ವೆಚ್ಚ, ವಿಮೆ ಮತ್ತು ನಿಯಮಗಳಲ್ಲಿ ಹೇಳಿದ ವೆಚ್ಚಗಳನ್ನು ಬಿಟ್ಟು ಆಕೆಗೆ ಯಾವ ರೂಪದ ಹಣವೂ ಸಲ್ಲುವಂತಿಲ್ಲ. ಕೊಟ್ಟ ದಂಪತಿಗೆ ಐದು ವರ್ಷದವರೆಗೆ, ಅದನ್ನು ನಡೆಸಿದ ಕ್ಲಿನಿಕ್ಕಿಗೆ ಹತ್ತು ವರ್ಷದವರೆಗೆ ಜೈಲು. ವೈದ್ಯರು ಶುಲ್ಕ ಪಡೆಯುತ್ತಾರೆ, ಪ್ರಯೋಗಾಲಯದವರು ಪಡೆಯುತ್ತಾರೆ, ಮ್ಯಾಜಿಸ್ಟ್ರೇಟರ ಆದೇಶ ತರಿಸಿಕೊಡುವ ವಕೀಲರು ಪಡೆಯುತ್ತಾರೆ, ವಿಮಾ ಕಂಪನಿ ಪ್ರೀಮಿಯಂ ಪಡೆಯುತ್ತದೆ. ಹಾರ್ಮೋನ್ ಚುಚ್ಚುಮದ್ದು ಚುಚ್ಚಿಸಿಕೊಂಡು, ಒಂಬತ್ತು ತಿಂಗಳು ಹೊತ್ತು, ಹೊಟ್ಟೆ ಕೊಯ್ಯಿಸಿಕೊಳ್ಳುವವಳು ಮಾತ್ರ ನಿಸ್ವಾರ್ಥಿಯಾಗಿರಬೇಕು.

ಇದು ನನ್ನೊಬ್ಬಳ ಮಾತಲ್ಲ. 2017ರ ಆಗಸ್ಟ್‌ನಲ್ಲಿ ಆರೋಗ್ಯ ಕುರಿತ ಸಂಸದೀಯ ಸ್ಥಾಯಿ ಸಮಿತಿಯು ತನ್ನ 102ನೇ ವರದಿಯಲ್ಲಿ, ಬಸಿರಿನ ದೈಹಿಕ ಮತ್ತು ಮಾನಸಿಕ ಭಾರವನ್ನೆಲ್ಲ ಪುಕ್ಕಟೆಯಾಗಿ ಹೊರಬೇಕೆಂದು ಹೆಣ್ಣಿನಿಂದ ಬಯಸುವುದೇ ಇನ್ನೊಂದು ಬಗೆಯ ಶೋಷಣೆಯೆಂದು ಕಂಡಿತ್ತು. ತಪ್ಪಿದ ಕೂಲಿ, ಆಕೆಯ ಸ್ವಂತ ಮಕ್ಕಳನ್ನು ನೋಡಿಕೊಳ್ಳುವ ವೆಚ್ಚ, ಆಪ್ತ ಸಮಾಲೋಚನೆ, ಪೌಷ್ಟಿಕ ಆಹಾರ, ಹೆರಿಗೆಯ ನಂತರದ ಆರೈಕೆ ಎಲ್ಲವನ್ನೂ ಒಳಗೊಂಡ ಪರಿಹಾರಸಹಿತ ಮಾದರಿಯನ್ನು ಅದು ಸೂಚಿಸಿತ್ತು. ಅದನ್ನು ಕೈಬಿಟ್ಟು ಸಂಸತ್ತು ಆರಿಸಿಕೊಂಡದ್ದು ಪರೋಪಕಾರದ ಮಾದರಿಯನ್ನು. ಕೂಲಿಯ ಪ್ರಶ್ನೆ ಸಣ್ಣದಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ, ಬಾಡಿಗೆ ತಾಯಿಯಿಂದ ಮಗು ಪಡೆಯುವವಳಿಗೆ 12 ವಾರಗಳ ವೇತನಸಹಿತ ರಜೆ ಕೊಡಲಾಯಿತು. ಹೆತ್ತುಕೊಟ್ಟವಳ ಬಗ್ಗೆ ಆ ತಿದ್ದುಪಡಿಯಲ್ಲಿ ಪ್ರತ್ಯೇಕ ಮಾತಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ಮಟ್ಟಿಗೆ ಇಬ್ಬರಿಗೂ 180 ದಿನಗಳ ರಜೆ ಕೊಟ್ಟದ್ದು ಒಳ್ಳೆಯ ಹೆಜ್ಜೆ, ಆದರೆ ಬಾಡಿಗೆ ತಾಯಿಯಾಗಲು ಬರುವವರಲ್ಲಿ ಕೇಂದ್ರ ಸರ್ಕಾರಿ ನೌಕರರು ಎಷ್ಟು ಮಂದಿ ಇದ್ದಾರು?

ಪರೋಪಕಾರ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಬೇಕು. ಹಣವಿಲ್ಲದೆ ಇದನ್ನು ಒಪ್ಪಿಕೊಳ್ಳುವವಳು ಸಾಮಾನ್ಯವಾಗಿ ಮನೆಯವಳೇ ಆಗಿರಬೇಕು: ತಂಗಿ, ನಾದಿನಿ, ಓರಗಿತ್ತಿ, ತವರಿನಿಂದ ಕರೆಸಿದ ಬಡ ಸಂಬಂಧಿ. ನಮ್ಮ ಕುಟುಂಬಗಳನ್ನು ಬಲ್ಲ ಯಾರಿಗೂ ಗೊತ್ತು, ಮಕ್ಕಳಿಲ್ಲದ ಹಿರಿಯ ಸೊಸೆಗಾಗಿ ಕಿರಿಯ ಸೊಸೆಯ ಮೇಲೆ ಬೀಳುವ ಒತ್ತಡಕ್ಕೆ ಯಾವ ಕಾಗದದ ಸಾಕ್ಷಿಯೂ ಇರುವುದಿಲ್ಲ. ಹಣಕ್ಕಾಗಿ ಒಪ್ಪಿದವಳು ಬೇಡವೆಂದರೆ ಹಣ ತಪ್ಪುತ್ತದೆ. ಮನೆಗಾಗಿ ಒಪ್ಪಿದವಳು ಬೇಡವೆಂದರೆ ಮನೆಯೇ ತಪ್ಪಬಹುದು. ನಿಜವಾದ ಔದಾರ್ಯದಿಂದ ಅಕ್ಕನಿಗಾಗಿ ಮಗು ಹೊತ್ತ ತಂಗಿಯರು ಇದ್ದಾರೆ, ಅವರನ್ನು ನಾನು ಅವಮಾನಿಸುವುದಿಲ್ಲ. ಆದರೆ ಅಂಥವಳಿಗೂ ತಪ್ಪಿದ ದುಡಿಮೆಯ ಲೆಕ್ಕ ಕೊಟ್ಟರೆ ಆಕೆಯ ಪ್ರೀತಿಗೆ ಕುಂದು ಬರುವುದಿಲ್ಲ.

ವೇಶ್ಯಾವಾಟಿಕೆಗೂ ಬಾಡಿಗೆ ತಾಯ್ತನಕ್ಕೂ ಒಂದೇ ಉತ್ತರವನ್ನು ಅಂಟಿಸಬಾರದೆಂದೂ ಇಲ್ಲಿ ಹೇಳಬೇಕು, ಏಕೆಂದರೆ ದುಡಿಮೆಯ ಪರವಾಗಿ ವಾದಿಸುವ ನನ್ನ ಗೆಳತಿಯರು ಇದನ್ನು ಬೇಗ ದಾಟಿಬಿಡುತ್ತಾರೆ. ಲೈಂಗಿಕ ವೃತ್ತಿಯವಳು, ಕಾನೂನು ಆಕೆಯ ಬೆನ್ನಿಗಿದ್ದರೆ, ಈ ಗಿರಾಕಿ ಬೇಡವೆಂದು ಬಾಗಿಲು ತೋರಿಸಬಹುದು. ಬಸುರಿ ಐದನೇ ತಿಂಗಳಿನಲ್ಲಿ ಕೆಲಸ ಬಿಟ್ಟು ಎದ್ದುಹೋಗುವುದು ಅಷ್ಟು ಸುಲಭವಲ್ಲ. ಕಾಯ್ದೆ ಆಕೆಗೆ ಭ್ರೂಣವನ್ನು ಇಡುವ ಮೊದಲು ಮಾತ್ರ ಒಪ್ಪಿಗೆ ಹಿಂಪಡೆಯಲು ಅವಕಾಶ ಕೊಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಮೂರನೆಯ ಜೀವವೊಂದಿದೆ, ಅದಕ್ಕೆ ಬೆಲೆ ಕಟ್ಟುವಂತಿಲ್ಲ. ಆದ್ದರಿಂದ ವಿದೇಶಿಯರ ಮುಂದೆ ಹೊಟ್ಟೆಗಳನ್ನು ಪೈಪೋಟಿಗಿಟ್ಟ, ಮಧ್ಯವರ್ತಿಗಳು ಹೆಣ್ಣುಮಕ್ಕಳನ್ನು ಹಾಸ್ಟೆಲುಗಳಲ್ಲಿ ಕೂಡಿಟ್ಟ ಆ ಹಳೆಯ ಮುಕ್ತ ಮಾರುಕಟ್ಟೆ ಮರಳಬಾರದು. ಮಧ್ಯವರ್ತಿಯಿಲ್ಲದ, ಮೊತ್ತವನ್ನು ಮಂಡಳಿಯೇ ನಿಗದಿಪಡಿಸಿ ನೇರವಾಗಿ ಆಕೆಯ ಖಾತೆಗೆ ಹಾಕಿಸುವ, ಮಗು ಉಳಿದರೂ ಉಳಿಯದಿದ್ದರೂ ಆಕೆಗೆ ಸಲ್ಲುವ ಪರಿಹಾರವನ್ನು ನಾನು ಕೇಳುತ್ತಿದ್ದೇನೆ. ಹಾಗೆ ಕೊಟ್ಟದ್ದು ಮಗುವಿನ ಬೆಲೆಯಾಗುವುದಿಲ್ಲ, ಹೊತ್ತವಳ ದುಡಿಮೆಗೂ ಅಪಾಯಕ್ಕೂ ಸಂದದ್ದಾಗುತ್ತದೆ.

ಸ್ವೀಡನ್ 1999ರಲ್ಲಿ ಹಣ ಕೊಟ್ಟು ಲೈಂಗಿಕ ಸಂಬಂಧ ಖರೀದಿಸುವವನನ್ನು ಶಿಕ್ಷಿಸುವ ಕಾನೂನು ತಂದಿತು, ನ್ಯೂಜಿಲೆಂಡ್ 2003ರಲ್ಲಿ ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ಇಟಲಿ 2024ರಲ್ಲಿ ತನ್ನ ಪ್ರಜೆಗಳು ಹೊರದೇಶದಲ್ಲಿ ಬಾಡಿಗೆ ತಾಯ್ತನಕ್ಕೆ ಹೋದರೂ ಅಪರಾಧವೆಂದಿತು. ಈ ಮಾದರಿಗಳ ವಾದ ನಡೆಯುತ್ತಲೇ ಇರಲಿ. ನಮ್ಮಲ್ಲಿ ಖರೀದಿಯನ್ನು ಅಪರಾಧವಾಗಿಸಿದರೆ ಅದನ್ನು ಜಾರಿಗೊಳಿಸುವವರು ಇಂದು ಆಕೆಯಿಂದಲೇ ಮಾಮೂಲು ವಸೂಲಿ ಮಾಡುವ ವ್ಯವಸ್ಥೆಯವರೇ ಆಗಿರುತ್ತಾರೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಕೇಂದ್ರದ ಕಾಯ್ದೆಗಳನ್ನು ನೀವು ತಿದ್ದಲಾರಿರಿ ಎಂದು ನಾನು ಬಲ್ಲೆ. ಆದರೆ ನಿಮ್ಮ ಕೈಯಲ್ಲಿರುವುದು ಕಡಿಮೆಯಲ್ಲ. 1956ರ ಕಾಯ್ದೆಯ 15ನೇ ಸೆಕ್ಷನ್ನೇ ಶೋಧದ ವೇಳೆ ಇಬ್ಬರು ಮಹಿಳಾ ಪೊಲೀಸರು ಇರಬೇಕೆನ್ನುತ್ತದೆ, ವಿಚಾರಣೆ ಮಹಿಳಾ ಅಧಿಕಾರಿಯಿಂದ, ಅವರಿಲ್ಲದಿದ್ದರೆ ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯ ಮಹಿಳಾ ಸದಸ್ಯೆಯ ಎದುರಿನಲ್ಲಿಯೇ ನಡೆಯಬೇಕೆನ್ನುತ್ತದೆ; ಆಯೋಗವು ಪ್ರತಿ ದಾಳಿಯ ವರದಿಯಲ್ಲಿ ಇದನ್ನು ಪರಿಶೀಲಿಸಿ, ಪಾಲಿಸದ ಅಧಿಕಾರಿಗಳ ಮೇಲೆ ಕ್ರಮ ಕೇಳಬಹುದು. ಗೃಹದಲ್ಲಿ ಇರಿಸುವ ಮುನ್ನ ಮ್ಯಾಜಿಸ್ಟ್ರೇಟರು ನೆರವು ಪಡೆಯಬಹುದಾದ ಐವರ ಸಮಿತಿಗಳಲ್ಲಿ, ಗೌರವಾನ್ವಿತರ ಜತೆಗೆ, ಈ ವೃತ್ತಿಯಲ್ಲಿದ್ದ ಒಬ್ಬ ಮಹಿಳೆಯಾದರೂ ಇರುವಂತೆ ಸರ್ಕಾರಕ್ಕೆ ಸೂಚಿಸಬಹುದು. ವಿಳಾಸದ ದಾಖಲೆಯಿಲ್ಲದ ಲೈಂಗಿಕ ವೃತ್ತಿನಿರತರಿಗೆ ರಾಜ್ಯ ಏಡ್ಸ್ ತಡೆ ಸೊಸೈಟಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕೆಂಬ ಸುಪ್ರೀಂ ಕೋರ್ಟಿನ ನಿರ್ದೇಶನ ಯಾವ ಜಿಲ್ಲೆಯಲ್ಲಿ ಎಷ್ಟರಮಟ್ಟಿಗೆ ನಡೆದಿದೆ ಎಂದು ಕೇಳಬಹುದು. ಮಂಡಳಿಯು ಬಾಡಿಗೆ ತಾಯಿಯ ಒಪ್ಪಿಗೆಯನ್ನು ಗಂಡ, ಅತ್ತೆ, ವೈದ್ಯರು ಯಾರೂ ಇಲ್ಲದ ಕೋಣೆಯಲ್ಲಿ, ಕ್ಲಿನಿಕ್ಕಿನ ಸಂಬಳ ಪಡೆಯದ ಸಮಾಲೋಚಕಿಯ ಮೂಲಕ ಕೇಳಿಸಬಹುದು. ಕಾಯ್ದೆ ಒಪ್ಪದ ಉದ್ದೇಶಕ್ಕೆ ನಡೆದ ಬಾಡಿಗೆ ತಾಯ್ತನದಲ್ಲಿ, ಅಲ್ಲವೆಂದು ಸಾಬೀತಾಗುವವರೆಗೆ, ಆಕೆಯನ್ನು ಒತ್ತಾಯಿಸಲಾಗಿತ್ತೆಂದೇ ನ್ಯಾಯಾಲಯ ಭಾವಿಸಬೇಕೆಂಬ ಸೆಕ್ಷನ್ ಕಾಯ್ದೆಯಲ್ಲಿಯೇ ಇರುವಾಗ, ಒತ್ತಾಯವಿದೆಯೇ ಎಂದು ಮೊದಲೇ ಕೇಳುವ ಕೆಲಸವನ್ನು ನ್ಯಾಯಾಲಯಕ್ಕೆ ಬಿಡುವುದೇಕೆ? 36 ತಿಂಗಳ ವಿಮೆಯಲ್ಲಿ ಎಷ್ಟು ಮಂದಿ ಕ್ಲೇಮು ಸಲ್ಲಿಸಿದರು, ಎಷ್ಟು ಮಂದಿಗೆ ಹಣ ಬಂತು, ಹೆರಿಗೆಯ ಬಳಿಕ ಎಷ್ಟು ಮಂದಿಯ ಆರೋಗ್ಯವನ್ನು ಯಾರಾದರೂ ವಿಚಾರಿಸಿದರು ಎಂಬ ಲೆಕ್ಕವನ್ನು, ಯಾರ ಹೆಸರೂ ಇಲ್ಲದೆ, ವರ್ಷಕ್ಕೊಮ್ಮೆ ಪ್ರಕಟಿಸಬಹುದು. 102ನೇ ವರದಿಯ ಪರಿಹಾರ ಮಾದರಿಯನ್ನು ಮರುಪರಿಶೀಲಿಸಬೇಕೆಂದು ರಾಷ್ಟ್ರೀಯ ಮಂಡಳಿಗೆ ಕರ್ನಾಟಕದ ಪರವಾಗಿ ಬರೆಯಬಹುದು.

ಇವೆಲ್ಲಕ್ಕೂ ಮೊದಲು ಒಂದು ಕೆಲಸವನ್ನು ಕೋರುತ್ತೇನೆ. ನೀವಿಬ್ಬರೂ ಸೇರಿ ಬೆಳಗಾವಿ, ಬಳ್ಳಾರಿ, ಮೈಸೂರು ಮತ್ತು ಬೆಂಗಳೂರಿನ ಪೀಣ್ಯದಲ್ಲಿ ಅಹವಾಲು ಸಭೆಗಳನ್ನು ನಡೆಸಿ. ಅಲ್ಲಿ ತಜ್ಞರು ಕೊನೆಗೆ ಮಾತನಾಡಲಿ, ನಾನೂ ಸೇರಿದಂತೆ. ಬಂದವರ ಹೆಸರು, ವಿಳಾಸ, ಫೋಟೊ ಯಾವುದನ್ನೂ ತೆಗೆದುಕೊಳ್ಳುವುದಿಲ್ಲವೆಂದೂ, ಅಲ್ಲಿ ಆಡಿದ ಮಾತಿನ ಆಧಾರದ ಮೇಲೆ ಯಾರ ಮೇಲೂ ಕೇಸು ದಾಖಲಾಗುವುದಿಲ್ಲವೆಂದೂ ಪೊಲೀಸ್ ಇಲಾಖೆಯಿಂದ ಮೊದಲೇ ಲಿಖಿತ ಭರವಸೆ ಪಡೆಯಿರಿ. ಕೂಲಿ ತಪ್ಪಿಸಿಕೊಂಡು ಬರುವವರಿಗೆ ಆ ದಿನದ ಕೂಲಿಯನ್ನೂ ಬಸ್ ಚಾರ್ಜನ್ನೂ ಕೊಡಿ. ಸಭೆಗಳ ದಿನಾಂಕವನ್ನು ನೀವು ಪ್ರಕಟಿಸಿದರೆ, ಮಹಿಳಾ ಅಧ್ಯಯನದ ಅಧ್ಯಾಪಕಿಯಾಗಿ ನನಗೆ ಪರಿಚಯವಿರುವ ಸಂಘಟನೆಗಳಿಗೆ ಸುದ್ದಿ ಮುಟ್ಟಿಸುವ ಹೊಣೆಯನ್ನು ನಾನು ಹೊರುತ್ತೇನೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,

ವಿಶ್ವಾಸಪೂರ್ವಕವಾಗಿ,
ಮಹಿಳಾ ಅಧ್ಯಯನದ ಒಬ್ಬ ಅಧ್ಯಾಪಕಿ